ಗುಡ್ಡದಷ್ಟು ಬೆಳೆಯಬೇಕೆಂದ ಕರಿಬಸ

ಹೂಂಗುಟ್ಟುವವರು ಹೂಂಗುಟ್ಟಿ, ನಿದ್ದೆ ಬಂದವರು ಮಲಗಿ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹಾಲಮ್ಮನಿಗೆ ಒಬ್ಬನೇ ಮಗ, ಕರಿಬಸ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವಳ ಗೋಳು. ಆಳು ಕುಳ್ಳ. ಸೋದರಮಾವನ ಮಗಳು ಕೊಟ್ರಮ್ಮನ ಮೇಲೆ ಅವನಿಗೆ ಆಸೆ. ಅವಳ ಕಣ್ಣು ಮಾತ್ರ ಪಕ್ಕದ ಮನೆಯ ಉದ್ದನೆಯ ನಿಂಗರಾಜನ ಮೇಲೆ. ಅಟ್ಟದ ಮೇಲಿನ ಡಬ್ಬಿಯನ್ನು ನಿಂಗರಾಜ ನಿಂತಲ್ಲೇ ಇಳಿಸಿಕೊಟ್ಟರೆ ಅವಳು ನಗುತ್ತಾಳೆ, ಕರಿಬಸನ ಹೊಟ್ಟೆ ಉರಿಯುತ್ತದೆ.

ಒಂದು ದಿನ ಸಿನಿಮಾದಲ್ಲಿ ಒಬ್ಬ ವೀರ ಕಣ್ಣು ಮಿಟುಕಿಸುವುದರೊಳಗೆ ಗುಡ್ಡದಷ್ಟು ಬೆಳೆದ. ಕರಿಬಸ ಮನೆಗೆ ಓಡಿಬಂದ.

"ಅವ್ವಾ, ನಾನೂ ಹಂಗೇ ಬೆಳೀಬೇಕು. ಆ ನಿಂಗನ್ನ ಕಾಲಾಗೆ ಹೊಸಕಬೇಕು."

"ಅಕ್ಕಿ ಉಬ್ಬಿ ಮಂಡಕ್ಕಿ ಆದ್ರೆ ತೂಕ ಹೆಚ್ಚಾಗ್ತೈತೇನೋ? ಊದಿದ್ರೆ ಹಾರ್ತೈತೆ. ಉಣ್ಣದೆ ತಿನ್ನದೆ ಮೈ ಉಬ್ಬಿದ್ರೆ ನೀನೂ ಅಷ್ಟೇ, ಗಾಳಿಗೆ ಹೋಗ್ತೀಯ."

ದೊಡ್ಡ ಮೈಯವರೆಲ್ಲ ಹಗುರ ಅಂದಂತಾಯಿತು! ಕರಿಬಸ ನೆಟ್ಟಗೆ ಮಾವನ ಮನೆಗೆ ಹೋದ. ಕೊಟ್ರಮ್ಮನ ಎದುರಿಗೇ ನಿಂಗರಾಜನನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯಲು ನೋಡಿದ. ಸೊಂಟ ಉಳುಕಿತು. ಕೊಟ್ರಮ್ಮ ಬಿದ್ದು ಬಿದ್ದು ನಕ್ಕಳು.

"ಲೇ ಪೆದ್ದ," ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಬೈದಳು ಹಾಲಮ್ಮ, "ಅವನು ಉಂಡು ಬೆಳೆದೋನು, ಭಾರ ಇರ್ತಾನೆ. ಗುಡ್ಡದಂಥ ಮೈ ಹೊರೋಕೆ ನಿನ್ನ ಕಡ್ಡಿಕಾಲು ಸಾಕಾ? ಆನೆ ನೋಡು, ಮೈಗೆ ತಕ್ಕ ಕಾಲು. ಮೊದಲು ಕಾಲು ದಪ್ಪ ಆಗ್ಲಿ, ಆಮೇಲೆ ಬೆಳೆಯೋ ಮಾತು. ನಾಳೆ ಹೆಣ್ಣು ಕೇಳೋಕೆ ಹೋಗೋಣ, ಸುಮ್ನೆ ಬಾ."

ಮಾರನೆಯ ದಿನ ಕರಿಬಸ ಕಾಲಿಗೆ ಗೋಣಿಚೀಲ ಸುತ್ತಿ, ಮೇಲೆ ಪಂಚೆ ಉಟ್ಟು, ಅವ್ವನ ಹಿಂದೆ ಧಪಧಪ ಮಾವನ ಮನೆಗೆ ನಡೆದು ಬಂದ. ಮಾವ ಹೌಹಾರಿದ.

"ಏನವ್ವಾ ತಂಗಿ, ಆನೆಕಾಲು ರೋಗದವನಿಗೆ ನನ್ನ ಮಗಳನ್ನ ಕೇಳ್ತೀಯಾ? ನಿಂಗರಾಜನಿಗೇ ಕೊಡ್ತೀನಿ, ನಡಿ."

ಹಾಲಮ್ಮ ಮಗನ ಕಿವಿ ಹಿಡಿದು ಅಂಗಳಕ್ಕೆ ಎಳೆದಳು. "ಬೆಳೆಯೋ ಹುಚ್ಚು ನಿನಗ್ಯಾಕೋ? ಸಣ್ಣವರಾಗಿರೋದೇ ಸುಖ. ಇರುವೆ ಮಾಳಿಗೆಯಿಂದ ಬಿದ್ರೂ ಎದ್ದು ಹೋಗ್ತೈತೆ. ಆನೆ ಬಿದ್ರೆ ಏಳಲ್ಲ."

ಕರಿಬಸನ ಮುಖ ಅರಳಿತು. ಸರಸರ ಮಾಳಿಗೆ ಹತ್ತಿ ಕೂಗಿದ. "ನಿಂಗಾ, ಮೇಲೆ ಬಾ. ಇಬ್ಬರೂ ಧುಮುಕೋಣ. ಎದ್ದು ನಡೆದವನಿಗೆ ಕೊಟ್ರಮ್ಮ!"

ನಿಂಗರಾಜ ಬೇಡ ಅನ್ನುವಷ್ಟರಲ್ಲಿ ಕರಿಬಸ ಧುಮುಕಿ ಆಗಿತ್ತು. ಕಾಲು ಮುರಿಯಿತು.

ಕೊನೆಗೆ ನಿಂಗರಾಜನೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಕೊಟ್ರಮ್ಮ ನಿಂಗರಾಜನ ತೋಳು ಹಿಡಿದು ಪಕ್ಕದಲ್ಲೇ ನಡೆದಳು. ಹಾಲಮ್ಮ ಹಿಂದೆ ಅಳುತ್ತಾ ಬಂದಳು. ಕರಿಬಸ ಬಗ್ಗಿ ನೋಡಿದ. ನಿಂಗರಾಜನ ನೆತ್ತಿ ತನಗಿಂತ ಕೆಳಗೆ! ಇಷ್ಟು ದಿನದ ಹೊಟ್ಟೆಯುರಿ ತಣ್ಣಗಾಯಿತು. ಅಷ್ಟರಲ್ಲಿ ಸುಯ್ಯೆಂದು ಗಾಳಿ ಬೀಸಿತು. ಕರಿಬಸ ನಿಂಗರಾಜನ ಕೂದಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಅವ್ವಾ, ಈಗ ನಾನೇ ಇವನಿಗಿಂತ ದೊಡ್ಡೋನು. ಮಂಡಕ್ಕಿ ಹಂಗೆ ಹಾರಿಹೋಗ್ತೀನಿ, ಬೇಗ ಮಡಿಲಿಗೊಂದು ಕಲ್ಲು ಹಾಕು!"