ಅಂಬುಜೆಯ ಭರಣಿ

ಕಪಿಲೆಯ ಆಚೆ ದಡದಲ್ಲಿ ತ್ರ್ಯಂಬಕ ಗುರುಗಳ ಆಶ್ರಮ. ಈಚೆ ದಡದಲ್ಲಿ ಅವರ ಶಿಷ್ಯ ದಕ್ಷಿಣಾಮೂರ್ತಿಯ ಮನೆ. ನಡುವೆ ಓಡಾಡಲು ಒಂದು ಹರಿಗೋಲು.

ದಕ್ಷಿಣಾಮೂರ್ತಿ ಎಂದರೆ ಆಲದ ಮರದ ಕೆಳಗೆ ಕೂತು ಮೌನದಲ್ಲೇ ಪಾಠ ಹೇಳಿದ ದೇವರು. ಆ ಹೆಸರು ಹೊತ್ತ ಈ ಮನುಷ್ಯನಿಗೋ ಬಾಯಿಗೆ ಬಿಡುವೇ ಇರಲಿಲ್ಲ. ಯಾರಾದರೂ ಪ್ರಶ್ನೆ ಕೇಳಲು ಹೊರಟರೆ ಸಾಕು, ಅದು ಮುಗಿಯುವ ಮೊದಲೇ ಉತ್ತರವನ್ನು ಅರೆದು ಕುಡಿಸುತ್ತಿದ್ದ. ಒಳ್ಳೆಯವನೇ. ತನಗೆ ಗೊತ್ತಿದ್ದದ್ದನ್ನು ಒಬ್ಬನೇ ಇಟ್ಟುಕೊಳ್ಳಲಾರದ ಒಳ್ಳೆಯತನ ಅವನದು.

ಗುರುಗಳ ರೀತಿಯೇ ಬೇರೆ. ಶಿಷ್ಯರು ಶ್ಲೋಕದ ಅರ್ಥಕ್ಕಾಗಿ ತಡಕಾಡುವಾಗ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಳೆ ನೋಡುತ್ತ ನಿಂತುಬಿಡುತ್ತಿದ್ದರು.

ಹಿಂದೊಮ್ಮೆ ಆಶ್ರಮದಲ್ಲೇ ಇದ್ದು ಓದುತ್ತಿದ್ದಾಗ ದಕ್ಷಿಣಾಮೂರ್ತಿಯೂ ಒಂದು ಶ್ಲೋಕದ ಮುಂದೆ ತಿಂಗಳುಗಟ್ಟಲೆ ಒದ್ದಾಡಿದ್ದ. ಕಾಲಿಗೆ ಬಿದ್ದು ಕೇಳಿದರೂ ಗುರುಗಳು ಹೇಳಲಿಲ್ಲ. ಕೊನೆಗೊಂದು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದಾಗ ಅರ್ಥ ತಾನಾಗಿ ಹೊಳೆದು, ಒದ್ದೆ ಮೈಯಲ್ಲೇ ಗುರುಗಳ ಬಳಿಗೆ ಓಡಿದ್ದ. ಆ ಬೆಳಗಿನ ಸಂತೋಷವನ್ನು ಇವತ್ತಿಗೂ ಸಿಕ್ಕವರಿಗೆಲ್ಲ ಹೇಳುತ್ತಾನೆ.

ಆದರೆ ಗುರುಗಳು ಕೈ ಹಿಂದೆ ಕಟ್ಟುವುದು ಸೊಂಟನೋವಿನಿಂದ ಎಂದೇ ಅವನ ತೀರ್ಮಾನ. ಬಂದಾಗಲೆಲ್ಲ ಒಂದು ಗಿಂಡಿ ನೋವಿನೆಣ್ಣೆ ತರುತ್ತಿದ್ದ. ಗುರುಗಳು ಬೇಡವೆನ್ನದೆ ತೆಗೆದುಕೊಂಡು ದೀಪಕ್ಕೆ ಹಾಕುತ್ತಿದ್ದರು.

ಒಂದು ದಿನ ಅವನು ಎಣ್ಣೆ ತರುವುದನ್ನೂ ಮರೆತು ಬಂದ.

“ಯಾಕಪ್ಪ ಮೂರ್ತಿ, ಸಪ್ಪಗಿದ್ದೀಯ?”

“ಮಗಳ ಚಿಂತೆ, ಗುರುಗಳೇ. ಅಂಬುಜೆಗೆ ಎರಡು ತುಂಬಿ ಮೂರಕ್ಕೆ ಬಿತ್ತು. ಏನು ಕಲಿಸಿದರೂ ತಲೆಗೆ ಹತ್ತೋದಿಲ್ಲ.”

“ಏನೇನು ಕಲಿಸಿದೆ?”

“ಮರಳಿನ ಮೇಲೆ ಅಕ್ಷರ ಬರೆದು ತೋರಿಸಿದೆ. ಅದರ ಮೇಲೇ ಕೂತುಬಿಟ್ಟಳು. ಬಾಳೆಹಣ್ಣು ಸಾಲಾಗಿಟ್ಟು ಎಣಿಸೋದು ಹೇಳಿಕೊಟ್ಟೆ.”

“ಎಣಿಸಿದಳಾ?”

“ತಿಂದಳು.”

ಗುರುಗಳು ಹೊಟ್ಟೆ ಕುಲುಕಿಸಿ ನಕ್ಕರು.

“ನಗಬೇಡಿ, ಗುರುಗಳೇ. ದಸರೆಗೆ ನನ್ನ ಷಡ್ಡಕ ಸಂಸಾರ ಸಮೇತ ಬರ್ತಾನೆ. ಅವನ ಮಗನಿಗೂ ಇದೇ ವಯಸ್ಸು. ಶ್ಲೋಕ ಗಡಗಡ ಹೇಳ್ತಾನಂತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾನೂ ಬೆಳಗಿಂದ ಸಂಜೆವರೆಗೆ ಇವಳ ಬೆನ್ನು ಹತ್ತಿದೆ.”

ಅವನ ದನಿ ಇಳಿಯಿತು.

“ಈಗ ನನ್ನನ್ನ ಕಂಡರೆ ಓಡ್ತಾಳೆ. ಮೊದಲೆಲ್ಲ ನಾನು ಬಾಗಿಲಿಗೆ ಬಂದರೆ ಕಾಲು ತಬ್ಬಿಕೊಳ್ಳೋಳು. ಮೊನ್ನೆ ಅವರಮ್ಮನ ಸೆರಗಿನೊಳಗೆ ಸೇರಿಕೊಂಡುಬಿಟ್ಟಳು. ಶ್ಲೋಕ ಹೋದರೆ ಹೋಗಲಿ, ಮಗಳೇ ದೂರ ಆಗಿಬಿಟ್ಟಳಲ್ಲ ಅಂತ...”

ಮಾತಿನ ಮಲ್ಲ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ.

ಗುರುಗಳು ಕೇಳಿದರು. “ಮನೆಯಲ್ಲಿ ತಂಬಿಗೆ ಇದೆಯಾ?”

“ಇದೆ.”

“ಎರಡು ತಂಬಿಗೆ, ಒಂದಿಷ್ಟು ನೀರು. ಹಿತ್ತಿಲಲ್ಲಿ ಮಗುವಿನ ಮುಂದೆ ಇಡು.”

“ಇಟ್ಟು ಏನು ಹೇಳಬೇಕು?”

“ಹೇಳಬೇಕು ಅಂತ ಯಾರು ಹೇಳಿದರು?”

ದಕ್ಷಿಣಾಮೂರ್ತಿ ಹಾಗೇ ಮಾಡಿದ. ನೀರು ಕಂಡದ್ದೇ ಅಂಬುಜೆಯ ಮುಖ ಅರಳಿತು. ಈ ತಂಬಿಗೆಯಿಂದ ಆ ತಂಬಿಗೆಗೆ ಸುರಿದಳು. ಅರ್ಧ ಒಳಗೆ ಬಿತ್ತು, ಅರ್ಧ ನೆಲಕ್ಕೆ ಹೋಯಿತು. ಮತ್ತೆ ಸುರಿದಳು.

ಅಪ್ಪನಿಗೆ ತಡೆಯಲಾಗಲಿಲ್ಲ. “ನೋಡು ಪುಟ್ಟಿ, ಇದು ದೊಡ್ಡದು, ಇದು ಚಿಕ್ಕದು. ಹಾಗಲ್ಲ, ಹೀಗೆ ಹಿಡಿ” ಎಂದು ಅವಳ ಮಣಿಕಟ್ಟು ಹಿಡಿದುಕೊಂಡ.

ಮರುದಿನ ಗುರುಗಳು ಕೇಳಿದರು. “ಏನಾಯ್ತು?”

“ನೀರು ಸುರಿದಳು.”

“ಎಲ್ಲಿಗೆ?”

“ನನ್ನ ತಲೆ ಮೇಲೆ.”

“ಗುರಿ ಚೆನ್ನಾಗಿದೆ” ಎಂದ ಗುರುಗಳು ದಡಕ್ಕಿಳಿದು, ಒಂದು ಮುದ್ದೆ ಜೇಡಿಮಣ್ಣು ತಂದು ಅವನ ಕೈಗಿಟ್ಟರು.

ಜೇಡಿಮಣ್ಣಿನ ಕಥೆ ಇನ್ನೂ ಕೆಟ್ಟಿತು.

ಅಂಬುಜೆ ಮಣ್ಣನ್ನು ಹಿಸುಕಿದಳು, ಬಡಿದಳು, ಉರುಳಿಸಿದಳು. ಕೊನೆಗೆ ಆಲೂಗಡ್ಡೆಯಂಥ ಒಂದು ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು, “ಬೆಕ್ಕು” ಎಂದಳು. ಅದರ ಬೆನ್ನು ಸವರಿ ಮುತ್ತನ್ನೂ ಕೊಟ್ಟಳು.

“ಇದು ಬೆಕ್ಕಾ? ಬೆಕ್ಕಿಗೆ ಕಿವಿ ಬೇಡವಾ? ಬಾಲ ಬೇಡವಾ? ಕೊಡಿಲ್ಲಿ” ಎಂದ ಅಪ್ಪ ಅದನ್ನು ಕಿತ್ತುಕೊಂಡು ತಿದ್ದಿದ. ಕಿವಿ ಬಂತು, ಬಾಲ ಬಂತು, ಕಡ್ಡಿಯ ಮೀಸೆಯೂ ಬಂತು. ನಿಜಕ್ಕೂ ಅಂದದ ಬೆಕ್ಕು.

ಮಗು ಅದನ್ನು ನೋಡಿ, ಊರು ಒಂದಾಗುವಂತೆ ಅಳತೊಡಗಿತು. “ನನ್ ಬೆಕ್ಕೂ! ನನ್ ಬೆಕ್ಕೂ!”

ಅಡುಗೆಮನೆಯಿಂದ ಹೆಂಡತಿ ಕಾಮಾಕ್ಷಿ ಸೌಟು ಹಿಡಿದುಕೊಂಡೇ ಬಂದಳು. “ನಿಮಗೆ ಸುಮ್ಮನಿರೋಕೆ ಬರೋದೇ ಇಲ್ವಾ? ಅವಳ ಪಾಡಿಗೆ ಆಡ್ತಿದ್ದಳಲ್ಲ!”

ಗುರುಗಳ ಮುಂದೆ ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

“ಅಯ್ಯೋ ಪಾಪಿ, ಅವಳ ಬೆಕ್ಕನ್ನ ಕೊಂದುಬಿಟ್ಟೆಯಲ್ಲೋ!” ಎಂದರು ಗುರುಗಳು. “ಬೆಕ್ಕು ಕೊಂದ ಪಾಪಕ್ಕೆ ಪ್ರಾಯಶ್ಚಿತ್ತ ಏನು ಗೊತ್ತಾ?”

“ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತಾರೆ.”

“ನಿನಗೆ ಅಷ್ಟು ಸುಲಭದ್ದು ಸಾಲದು.”

ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಹಳೆಯ ಕುಂಕುಮದ ಭರಣಿ ತಂದರು. ಮರದ್ದು, ಸವೆದು ನುಣುಪಾಗಿತ್ತು. ಮುಚ್ಚಳ ಮಾತ್ರ ಬಲು ಬಿಗಿ.

“ಇದನ್ನ ಮಗುವಿಗೆ ಕೊಡು. ಅವಳೇ ತೆಗೀಬೇಕು. ನೀನು ತೆಗೆದುಕೊಡಬಾರದು.”

“ಒಳಗೇನಿದೆ, ಗುರುಗಳೇ?”

ಗುರುಗಳು ಕೈ ಹಿಂದೆ ಕಟ್ಟಿಕೊಂಡು ಹೊಳೆ ನೋಡಿದರು.

ಭರಣಿ ಅಂಬುಜೆಗೆ ಬಹಳ ಹಿಡಿಸಿತು. ಕಿವಿಗಿಟ್ಟು ಅಲ್ಲಾಡಿಸಿದಳು. ಕಚ್ಚಿದಳು. ನೆಲಕ್ಕೆ ಕುಟ್ಟಿದಳು. ಅದರ ಮೇಲೆ ಕೂತು ನೋಡಿದಳು. ಕಡೆಗೆ ಅದಕ್ಕೆ ಅನ್ನವನ್ನೂ ತಿನ್ನಿಸಲು ಹೋದಳು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ.

ದಕ್ಷಿಣಾಮೂರ್ತಿ ಕಂಬಕ್ಕೊರಗಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದ.

“ಕೈಗೇನಾಗಿದೆ? ತುರಿಕೆಯಾ?” ಎಂದಳು ಕಾಮಾಕ್ಷಿ.

“ತುರಿಕೆಗಿಂತ ದೊಡ್ಡದು ಕಣೇ.”

ಎರಡು ದಿನ ಹೇಗೋ ತಡೆದುಕೊಂಡ. ಮೂರನೆಯ ದಿನ ಅಂಬುಜೆ ಭರಣಿ ಹಿಡಿದು ನೇರವಾಗಿ ಅವನ ಬಳಿಗೇ ಬಂದಳು. ಎಷ್ಟೋ ದಿನಗಳ ಮೇಲೆ ತಾನಾಗಿ ಬಂದಳು. ಅವನ ಮೊಣಕಾಲಿಗೆ ಒರಗಿ, “ಅಪ್ಪ, ತೆಗಿ” ಎಂದಳು.

ಅವನ ಎದೆ ತುಂಬಿ ಬಂತು. ಬೇಡವೆಂದರೆ ಮತ್ತೆ ಓಡಿಹೋದಾಳು ಎಂದು ಹೆದರಿದ. ಗುರುಗಳ ಮಾತು ನೆನಪಿತ್ತು, ಆದರೆ ಕೈ ಕೇಳಲಿಲ್ಲ. ಮುಚ್ಚಳ ತಿರುಗಿಸಿ ಎಳೆದ. ಟಪ್ಪೆಂದು ಬಂತು.

ಒಳಗೆ ಏನೂ ಇರಲಿಲ್ಲ.

ಅಂಬುಜೆ ಭರಣಿಯೊಳಗೆ ಇಣುಕಿದಳು. ಅಪ್ಪನ ಮುಖ ನೋಡಿದಳು. ಭರಣಿಯನ್ನು ಅಲ್ಲೇ ಬಿಟ್ಟು, ಬೆನ್ನು ತಿರುಗಿಸಿ ಅಡುಗೆಮನೆಗೆ ಹೋದಳು.

ಸಿಟ್ಟು ಬಂತು ದಕ್ಷಿಣಾಮೂರ್ತಿಗೆ. ಹರಿಗೋಲು ಹತ್ತಿ ಹೋಗಿ ಭರಣಿಯನ್ನು ಗುರುಗಳ ಮುಂದಿಟ್ಟ.

“ಇದು ನ್ಯಾಯವಾ, ಗುರುಗಳೇ? ಮಗು ಅಷ್ಟು ಆಸೆಪಟ್ಟಿತ್ತು. ತೆಗೆದರೆ ಬರಿದು!”

“ನೀನು ತೆಗೆಯೋಕೆ ಮೊದಲು ತುಂಬಿತ್ತು” ಎಂದರು ಗುರುಗಳು.

ಬೇರೆ ದಿನವಾಗಿದ್ದರೆ ಇದರ ಅರ್ಥವೇನೆಂದು ಕೇಳಿ ಪ್ರಾಣ ತಿನ್ನುತ್ತಿದ್ದ. ಅವತ್ತು ಕೇಳಲಿಲ್ಲ. ಭರಣಿಯನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ವಾಪಸು ಹೊರಟ.

ಮನೆಯಲ್ಲಿ ಭರಣಿಯನ್ನು ಪಡಸಾಲೆಯ ಮೂಲೆಯಲ್ಲಿಟ್ಟ. ಹಿತ್ತಿಲಿಗೆ ಹೋಗಿ, ಎರಡು ತಂಬಿಗೆ ಮುಂದಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ತಾನೇ ನೀರು ಸುರಿಯುತ್ತ ಕೂತ. ಗುಳುಗುಳು ಸದ್ದು ಬರುತ್ತಿತ್ತು. ಬಿಸಿಲು ಬಿದ್ದಾಗ ನೀರಿನ ಧಾರೆ ಮಿನುಗುತ್ತಿತ್ತು. ಇಷ್ಟು ದಿನ ಇದನ್ನು ನೋಡಿಯೇ ಇರಲಿಲ್ಲವಲ್ಲ ಎನ್ನಿಸಿತು. ಮತ್ತೆ ಸುರಿದ.

ಬಾಗಿಲ ಹಿಂದಿನಿಂದ ಒಂದು ಪುಟ್ಟ ತಲೆ ಇಣುಕಿತು.

ಅವನು ನೋಡಿಯೂ ಕರೆಯಲಿಲ್ಲ. ಕರೆಯದಿರಲು ನಾಲಿಗೆ ಕಚ್ಚಿಕೊಳ್ಳಬೇಕಾಯಿತು.

ಸ್ವಲ್ಪ ಹೊತ್ತಿಗೆ ಅಂಬುಜೆ ಪಕ್ಕದಲ್ಲೇ ಬಂದು ಕುಕ್ಕುರುಗಾಲಲ್ಲಿ ಕೂತಳು. “ಚೆಲ್ತು” ಎಂದಳು.

“ಹೌದು, ಚೆಲ್ಲಿತು.”

ಅವನು ಮತ್ತೆ ಸುರಿದ. ಮತ್ತೆ ಚೆಲ್ಲಿತು. ಅಂಬುಜೆ ಹಣೆ ಚಚ್ಚಿಕೊಂಡು, ಎರಡೂ ಕೈಗಳಿಂದ ಅಪ್ಪನ ಮಣಿಕಟ್ಟು ಹಿಡಿದಳು. “ಹಾಗಲ್ಲ. ಹೀಗೆ!”

ದಕ್ಷಿಣಾಮೂರ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳೂ ನಕ್ಕಳು. ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಪಾಠ ನಿಂತು ಆಟ ಶುರುವಾಯಿತು. ಅಪ್ಪ ಮಗಳು ಸೇರಿ ಬಟಾಣಿ ಸುಲಿದರು, ಒಗೆದ ಬಟ್ಟೆ ಮಡಿಸಿದರು, ಚಪಾತಿ ಹಿಟ್ಟಿನಲ್ಲಿ ಹಾವು ಹೊಸೆದರು. ಮಡಿಸಿದ ಬಟ್ಟೆಗಳನ್ನು ಕಾಮಾಕ್ಷಿ ಅವರ ಕಣ್ಣು ತಪ್ಪಿಸಿ ಮತ್ತೊಮ್ಮೆ ಮಡಿಸುತ್ತಿದ್ದಳು. ಮೂಲೆಯ ಭರಣಿ ಕೂಡ ಒಂದು ದಿನ ಅಂಬುಜೆಯ ಕೈ ಸೇರಿತು. ಅವಳು ಎಷ್ಟು ಹೆಣಗಿದರೂ ಅಪ್ಪ ಮಾತ್ರ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕೂರುತ್ತಿದ್ದ. “ಅಪ್ಪ, ತೆಗಿ” ಎಂದರೆ, “ಬಿಗಿ ಇದೆ ಅಲ್ವಾ ಪುಟ್ಟಿ?” ಎನ್ನುತ್ತಿದ್ದ. ಅವಳು ಮುನಿಸಿಕೊಂಡಳು, ಅವನ ತೊಡೆಗೆ ಗುದ್ದಿದಳು. ಆದರೆ ಓಡಿಹೋಗಲಿಲ್ಲ.

ದಸರೆ ಬಂತು. ಷಡ್ಡಕನ ಸಂಸಾರವೂ ಬಂತು. ಹಬ್ಬದ ದಿನ ಗುರುಗಳೂ ಹರಿಗೋಲಿನಲ್ಲಿ ಈಚೆಗೆ ಬಂದರು.

ಪಡಸಾಲೆಯಲ್ಲಿ ಎಲ್ಲರೂ ಕೂತರು. ಷಡ್ಡಕನ ಮಗ ಕೈ ಮುಗಿದು ನಿಂತು ಶ್ಲೋಕ ಗಡಗಡ ಹೇಳಿದ. ಗುರುಗಳು ಅವನ ಕೆನ್ನೆ ಸವರಿ ಕಲ್ಲುಸಕ್ಕರೆ ಕೊಟ್ಟರು.

“ಎಲ್ಲಿ ಭಾವ, ನಿಮ್ಮ ಅಂಬುಜೆ ಏನು ಹೇಳ್ತಾಳೆ, ಕೇಳೋಣ” ಎಂದ ಷಡ್ಡಕ.

ಅಂಬುಜೆಗೆ ಈ ಲೋಕದ ಪರಿವೆಯೇ ಇರಲಿಲ್ಲ. ಮೂಲೆಯಲ್ಲಿ ಕೂತು ಭರಣಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದಿದ್ದಳು. ಹಲ್ಲು ಕಚ್ಚಿ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಕಿವಿ ಕೆಂಪೇರಿತ್ತು. ದಕ್ಷಿಣಾಮೂರ್ತಿ ಉಸಿರು ಬಿಗಿಹಿಡಿದ. ಅವನ ಕೈಗಳು ತೊಡೆಯ ಕೆಳಗೇ ಇದ್ದವು.

ಟಪ್!

ಭರಣಿ ಒಂದು ಕಡೆ, ಮುಚ್ಚಳ ಒಂದು ಕಡೆ, ಅಂಬುಜೆ ಅಂಗಾತ. ಎದ್ದು ಕೂತು ಒಳಗೆ ಇಣುಕಿದಳು. ಏನೂ ಇರಲಿಲ್ಲ. ಅವಳು ಕೇಕೆ ಹಾಕಿ ನಕ್ಕಳು. “ತೆಗ್ದೆ! ನಾನೇ! ನಾನೇ ತೆಗ್ದೆ!” ಎಂದು ಪಡಸಾಲೆ ತುಂಬ ಕುಣಿದಳು.

ಷಡ್ಡಕನ ಮಗನಿಗೂ ಕುಣಿಯಬೇಕೆನ್ನಿಸಿತು. ಅವನೂ ಕುಣಿದ.

ದಕ್ಷಿಣಾಮೂರ್ತಿಗೆ, ಹೊಳೆಯ ಮೆಟ್ಟಿಲಿನಿಂದ ಒದ್ದೆ ಪಂಚೆಯಲ್ಲಿ ಓಡಿದ ಆ ಬೆಳಿಗ್ಗೆ ನೆನಪಾಯಿತು.

ಅಷ್ಟರಲ್ಲಿ ಅಂಬುಜೆ ಹಿತ್ತಿಲಿಗೆ ಓಡಿ, ಆಲೂಗಡ್ಡೆಯಂಥ ಒಂದು ಹಸಿಮಣ್ಣಿನ ಉಂಡೆ ಹಿಡಿದು ಬಂದಳು. ಅದರ ಬೆನ್ನು ಸವರಿದಳು. ಭರಣಿಯೊಳಗೆ ತುರುಕಿ, ಮುಚ್ಚಳ ಹಾಕಿ, ಅದರ ಮೇಲೆ ಕೂತು ಒತ್ತಿದಳು. ಆಮೇಲೆ ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಪ್ಪನ ತೊಡೆಯೇರಿದಳು.

“ಒಳಗೆ ಬೆಕ್ಕು. ಅಪ್ಪ, ನೀ ತೆಗಿ.”

ಅವನು ತಿರುಗಿಸಿದ. ಮುಚ್ಚಳ ಅಲ್ಲಾಡಲಿಲ್ಲ. ಹಸಿಮಣ್ಣು ಮೆತ್ತಿಕೊಂಡು ಕಲ್ಲಿನಂತೆ ಕೂತಿತ್ತು. ಇನ್ನೊಮ್ಮೆ ತಿರುಗಿಸಿದ. ಬೆವರು ಬಂತು, ನಗುವೂ ಬಂತು.

“ಹಾಗಲ್ಲ ಭಾವ, ಹೀಗೆ ಎಳೀಬೇಕು, ಕೊಡಿಲ್ಲಿ” ಎಂದು ಷಡ್ಡಕ ಕೈ ಚಾಚಿದ.

ಅಂಬುಜೆ ಅವನ ಕೈಗೆ ಪಟ್ಟನೆ ಹೊಡೆದಳು. “ಅಪ್ಪಾನೇ!”

ದಕ್ಷಿಣಾಮೂರ್ತಿ ಸೋತು ಭರಣಿಯನ್ನು ಗುರುಗಳತ್ತ ಚಾಚಿದ. “ಗುರುಗಳೇ, ನೀವಾದರೂ ಸ್ವಲ್ಪ...”

ಗುರುಗಳು ಎದ್ದು ನಿಂತರು. ಭರಣಿಯನ್ನು ಆಸೆಯಿಂದ ನೋಡಿದರು. ಆದರೆ ಕೈಗಳು ಎಂದಿನಂತೆ ಬೆನ್ನ ಹಿಂದೆ ಹೋದವು.

“ಓಹೋ, ಸೊಂಟ ಹಿಡಿದುಕೊಂಡಿತಾ? ಇರಿ, ಒಳಗಿಂದ ಎಣ್ಣೆ ತರ್ತೀನಿ” ಎಂದ ದಕ್ಷಿಣಾಮೂರ್ತಿ.

“ನನ್ನ ಸೊಂಟ ಗಟ್ಟಿಯಾಗೇ ಇದೆಯಪ್ಪ” ಎಂದರು ಗುರುಗಳು. “ಹೀಗೆ ಹಿಂದೆ ಕಟ್ಟಿಕೊಳ್ಳದೆ ಹೋಗಿದ್ದರೆ, ಈ ಕೈ ನಿನ್ನ ಭರಣಿಗಳನ್ನೆಲ್ಲ ಎಂದೋ ತೆಗೆದುಕೊಟ್ಟುಬಿಡ್ತಿತ್ತು.”