ತೊಳೆದು ಬಂದ ಕಾಲುಗಳು

ಪೂಜ್ಯ ಬೆನೆದಿಕ್ತ ಸ್ವಾಮಿಗಳು ಕಲ್ಲುಮಂಟಿ ಪಾಳ್ಯಕ್ಕೆ ಗುರುಗಳಾಗಿ ಬಂದಾಗ ಊರ ಹಿರಿಯರು ಬಂಗಲೆ ಕಟ್ಟಿಸಿಕೊಡುತ್ತೇವೆಂದರು. ಸ್ವಾಮಿಗಳು ಒಪ್ಪದೆ, ದೇವಾಲಯದ ಹಿಂದಿನ ಹೆಂಚು ಸರಿದ ಕೋಣೆಯಲ್ಲೇ ಬಿಡಾರ ಹೂಡಿದರು. ಪವಿತ್ರ ವಾರದ ಬುಧವಾರ ಉಪದೇಶಿ ಇನ್ನಾಸಪ್ಪ ಪಾದ ತೊಳೆಸಿಕೊಳ್ಳುವವರ ಪಟ್ಟಿ ಹಿಡಿದು ಬಂದಾಗ ಅವರು ಹೊಸಿಲ ಮೇಲೆ ಕುಳಿತು, ಕಿತ್ತುಹೋದ ಚಪ್ಪಲಿಯ ಉಂಗುಟವನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ತೊಗಲಿನ ವಾಸನೆಗೆ ಇನ್ನಾಸಪ್ಪ ಮುಖ ತಿರುಗಿಸಿದ.

ಆ ವಾಸನೆ ಅವನಿಗೆ ಹೊಸದೇನಲ್ಲ. ದೂರದ ಊರೊಂದರಲ್ಲಿ, ತೊಗಲು ಹದ ಮಾಡುವವರ ಕೇರಿಯಲ್ಲೇ ಅವನು ಹುಟ್ಟಿದ್ದು. ಎಳೆಯ ವಯಸ್ಸಿನಲ್ಲೇ ಸುಣ್ಣದ ಗುಂಡಿಗಿಳಿದು ತೊಗಲು ತುಳಿದವನು. ಅಕ್ಷರ ಕಲಿತು, ಉಪದೇಶಿಯಾಗಿ ಈ ಊರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಇಲ್ಲಿ ಯಾರಿಗೂ ಅವನ ಹುಟ್ಟು ಗೊತ್ತಿರಲಿಲ್ಲ. ಒಮ್ಮೆ ಮುದಿ ತಂದೆ ನೋಡಲೆಂದು ನಡೆದುಕೊಂಡು ಬಂದಾಗ, ಊರ ಹೊರಗಿನ ಹುಣಸೆಮರದ ಹತ್ತಿರವೇ ಮಾತಾಡಿಸಿ ವಾಪಸು ಕಳಿಸಿದ್ದ. ಸುಣ್ಣ ಸುಟ್ಟ ಕಾಲ್ಬೆರಳುಗಳ ಬಿಳಿ ಕಲೆ ಕಾಣದಿರಲೆಂದು ದೇವಾಲಯದೊಳಗೂ ಕಾಲುಚೀಲ ತೆಗೆಯುತ್ತಿರಲಿಲ್ಲ. 'ನಮ್ಮ ಉಪದೇಶಿಗಳದು ದೊರೆ ಕಾಲು' ಎಂದು ಊರವರು ತಮಾಷೆ ಮಾಡುತ್ತಿದ್ದರು. ಇಂಥವನು ಪ್ರತಿ ಭಾನುವಾರ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ. ಒಂದಕ್ಷರ ತಪ್ಪಿದರೂ ಬೆತ್ತ ಮೇಲೇಳುತ್ತಿತ್ತು.

ಪ್ರಭು ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆದು ಮುತ್ತಿಡುವುದು ಪದ್ಧತಿ. ಪಾಳ್ಯದಲ್ಲಿ ಆ ಹನ್ನೆರಡು ಕುರ್ಚಿಗಳು ಹನ್ನೆರಡು ಮನೆತನಗಳ ಸ್ವತ್ತಾಗಿಬಿಟ್ಟಿದ್ದವು. ಅಪ್ಪ ತೀರಿಕೊಂಡರೆ ಮಗ ಕೂರುತ್ತಿದ್ದ. ಬುಧವಾರವೇ ಆ ಮನೆಗಳಲ್ಲಿ ಹಂಡೆ ಕಾಯುತ್ತಿತ್ತು. ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿ, ಸೀಗೆಪುಡಿ ಹಚ್ಚಿ, ಉಗುರು ತೆಗೆದು, ಎಣ್ಣೆ ಸವರಿ ಕಾಲುಗಳನ್ನು ಮದುಮಗನ ಕಾಲಿನಂತೆ ಮಾಡಿಕೊಂಡು ಬರುತ್ತಿದ್ದರು. ಗುರುಗಳಿಗೆ ತೊಳೆಯಲು ಪಾಪ ಏನೂ ಉಳಿದಿರುತ್ತಿರಲಿಲ್ಲ. ಕೊಳೆ ಮೆತ್ತಿದ ಕಾಲುಗಳು ದೇವಾಲಯದ ಪಕ್ಕದ ಬಾಗಿಲ ಹೊರಗೆ ನಿಂತಿರುತ್ತಿದ್ದವು. ಪಾಳ್ಯದಾಚೆಗೂ ಒಂದು ಹದದ ಕೇರಿಯಿತ್ತು. ಅಲ್ಲಿನವರೂ ಜ್ಞಾನಸ್ನಾನ ಪಡೆದವರೇ. ಆದರೆ ವಾಸನೆಯ ನೆಪಕ್ಕೆ ಅವರಿಗೆ ಒಳಗೆ ಜಾಗವಿರಲಿಲ್ಲ. ಕ್ರಿಸ್ತನ ಮನೆಯಲ್ಲಿ ಹೀಗೂ ನಡೆಯಿತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಡುವುದೇಕೆ?

ಆ ವರ್ಷ ಹನ್ನೆರಡನೆಯ ಮನೆಯ ಹಿರಿಯ ಗಂಡುಮಕ್ಕಳಿಲ್ಲದೆ ತೀರಿಕೊಂಡಿದ್ದ. ಸ್ವಾಮಿಗಳು ಸೂಜಿ ಕೆಳಗಿಟ್ಟು, ಪಟ್ಟಿಯ ಖಾಲಿ ಜಾಗದಲ್ಲಿ 'ಚೌರಪ್ಪ' ಎಂದು ಬರೆದರು. ಚೌರಪ್ಪ ಹದದ ಕೇರಿಯ ಹಿರಿಯ.

"ಬ್ಯಾಡಿ ಸ್ವಾಮಿಗಳೇ," ಎಂದ ಇನ್ನಾಸಪ್ಪ. "ಅವನ ಕಾಲಿಗೆ ತೊಗಲು ಹದ ಮಾಡೋ ಮರದ ತೊಗಟೆ ಬಣ್ಣ ಹತ್ತೈತೆ, ಎಷ್ಟು ಉಜ್ಜಿದ್ರೂ ಹೋಗಾಕಿಲ್ಲ. ಮಿಕ್ಕ ಹನ್ನೊಂದು ಜನಾನೂ ಎದ್ದು ಹೋಯ್ತಾರೆ."

ಅವನ ಭಯ ಬೇರೆಯೇ ಇತ್ತು. ಹದದ ಕೇರಿಯ ಮಾತು ಒಮ್ಮೆ ಎದ್ದಿತೆಂದರೆ ತನ್ನ ಕಾಲುಚೀಲದವರೆಗೆ ಬರಲು ಎಷ್ಟು ಹೊತ್ತು? ಆಮೇಲೆ ಉಪದೇಶಿಯ ಕೆಲಸವೂ ಇಲ್ಲ, ಊರಲ್ಲಿ ಮರ್ಯಾದೆಯೂ ಇಲ್ಲ.

"ತೊಳೆದ ಕಾಲು ತೊಳೆಯೋದು ಉಪಚಾರ, ಇನ್ನಾಸಪ್ಪ. ಪ್ರೀತಿ ಅಲ್ಲ," ಎಂದರು ಸ್ವಾಮಿಗಳು. "ಹೋಗೋರು ಹೋಗ್ಲಿ."

ಗುರುವಾರ ಸಂಜೆ ಚೌರಪ್ಪ ಹನ್ನೆರಡನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೊದಲ ಕುರ್ಚಿಯ ಯಜಮಾನ ಆರೋಗ್ಯಪ್ಪ ಎದ್ದು ನಿಂತ. "ನಮ್ಮ ತಾತ ಕೂತ ಸಾಲು ಇದು. ಇವನ ಜೊತೆ ನಾವು ಕೂರಾಕಿಲ್ಲ," ಎಂದು ಬಾಗಿಲ ಕಡೆ ನಡೆದ. ಹಿಂದೆಯೇ ಹತ್ತು ಮಂದಿ ಎದ್ದರು. ಅರ್ಧ ದೇವಾಲಯ ಬರಿದಾಯಿತು.

"ನನ್ನಿಂದ ಹಬ್ಬ ಕೆಡೋದು ಬ್ಯಾಡ ಸ್ವಾಮಿ," ಎಂದು ಚೌರಪ್ಪನೂ ಎದ್ದ.

"ಕೂತ್ಕೊ ಚೌರಪ್ಪ," ಎಂದರು ಸ್ವಾಮಿಗಳು. ಅವರು ಆಗಲೇ ಮೊಣಕಾಲೂರಿ ಅವನ ಪಾದ ಹಿಡಿದಿದ್ದರು.

ನೀರಿನ ತಂಬಿಗೆ ಇನ್ನಾಸಪ್ಪನ ಕೈಯಲ್ಲಿತ್ತು. ಬಾಗಿಲಿನಿಂದ ಆರೋಗ್ಯಪ್ಪ ಕೂಗಿದ: "ಉಪದೇಶಿಗಳೇ, ತಂಬಿಗೆ ಇಟ್ಟು ಬನ್ನಿ!"

ಸ್ವಾಮಿಗಳು ತಲೆಯೆತ್ತಲಿಲ್ಲ. "ನೀರು," ಎಂದರು.

ಇನ್ನಾಸಪ್ಪ ನೀರು ಹೊಯ್ದ. ಬಣ್ಣ ಹೋಗಲಿಲ್ಲ. ಸ್ವಾಮಿಗಳು ಉಜ್ಜಲೂ ಇಲ್ಲ. ಮೆಲ್ಲಗೆ ಒರೆಸಿ, ಆ ಕಂದು ಪಾದಕ್ಕೆ ಮುತ್ತಿಟ್ಟರು. ಬೆರಳ ಸಂದಿಯಲ್ಲಿ ಸುಣ್ಣ ಸುಟ್ಟ ಬಿಳಿ ಕಲೆಗಳಿದ್ದವು. ಅಂದು ಹುಣಸೆಮರದ ಕೆಳಗೆ ನಿಂತಿದ್ದ ಇನ್ನಾಸಪ್ಪನ ತಂದೆಯ ಕಾಲಲ್ಲೂ ಅವೇ ಕಲೆಗಳಿದ್ದವು.

"ಇನ್ನೂ ಹನ್ನೊಂದು ಕುರ್ಚಿ ಖಾಲಿ ಇವೆ," ಎಂದರು ಸ್ವಾಮಿಗಳು.

ಇನ್ನಾಸಪ್ಪ ತಂಬಿಗೆ ಕೆಳಗಿಟ್ಟ. ತಮ್ಮ ಕಡೆ ಬರುತ್ತಾನೆಂದು ಆರೋಗ್ಯಪ್ಪ ದಾರಿ ಬಿಟ್ಟ. ಇನ್ನಾಸಪ್ಪ ನೇರವಾಗಿ ಹೋಗಿ ಆರೋಗ್ಯಪ್ಪನ ಕುರ್ಚಿಯಲ್ಲೇ ಕೂತು, ಎರಡೂ ಕಾಲುಚೀಲ ಕಿತ್ತೆಸೆದ.

"ನೋಡ್ಕೊಳ್ಳಿ ಯಜಮಾನ್ರೇ! ನಾನೂ ಸುಣ್ಣದ ಗುಂಡಿ ತುಳಿದೋನೇ. ನಮ್ಮೂರ ಹದದ ಕೇರಿ ಮುತ್ತಪ್ಪನ ಮಗ ನಾನು. ಹದಿನೆಂಟು ವರ್ಷ ಈ ಕಾಲು ಮುಚ್ಕೊಂಡು ನಿಮ್ಮ ಮಕ್ಕಳಿಗೆ ಪ್ರೀತಿ ಪಾಠ ಹೇಳ್ದೆ. ಇನ್ಮ್ಯಾಕೆ ಮುಚ್ಚಾಕಿಲ್ಲ. ಊರು ಬಿಡು ಅಂದ್ರೆ ನಾಳೆ ಬಿಡ್ತೀನಿ. ಇವತ್ತು ಮಾತ್ರ ಈ ಕುರ್ಚಿಯಿಂದ ಏಳಾಕಿಲ್ಲ!"

ನೀರು ಹೊಯ್ಯುವವರು ಯಾರೂ ಉಳಿದಿರಲಿಲ್ಲ. ಚೌರಪ್ಪನೇ ಎದ್ದು ಬಂದು ತಂಬಿಗೆ ಎತ್ತಿಕೊಂಡ. ಪಕ್ಕದ ಬಾಗಿಲ ಹೊರಗಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಕುರ್ಚಿಗಳು ತುಂಬಿದವು, ಉಳಿದವರು ನೆಲದ ಮೇಲೆ ಕೂತರು. ಹನ್ನೆರಡಕ್ಕೇ ನಿಲ್ಲಿಸಬೇಕೆಂದು ಸ್ವಾಮಿಗಳಿಗೆ ತೋರಲೇ ಇಲ್ಲ.

ಇನ್ನಾಸಪ್ಪನನ್ನು ಕೆಲಸದಿಂದ ತೆಗೆಯಬೇಕೆಂದು ಹಿರಿಯರು ಹೇಳಿ ಕಳಿಸಿದರು. "ಅವನಿಗಿಂತ ಮೊದಲು ನನ್ನನ್ನ ಕಳಿಸ್ಬೇಕಾಗುತ್ತೆ," ಎಂದರು ಸ್ವಾಮಿಗಳು. ಮಾತು ಅಲ್ಲಿಗೆ ನಿಂತಿತು.

ಈಸ್ಟರ್ ಕಳೆದ ವಾರವೇ ಇನ್ನಾಸಪ್ಪ ಬರಿಗಾಲಲ್ಲಿ ತನ್ನೂರಿಗೆ ಹೋದ. ತಂದೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು, ಹುಣಸೆಮರ ದಾಟಿಸಿ, ಪಾಳ್ಯದ ನಡುಬೀದಿಯಲ್ಲೇ ಕರೆತಂದ. ಮರುವರ್ಷ ಪವಿತ್ರ ಗುರುವಾರ ಮುದುಕ ಮುತ್ತಪ್ಪ ಮೊದಲ ಕುರ್ಚಿಯಲ್ಲಿ ಕೂತಿದ್ದ, ಮಗ ತಂಬಿಗೆ ಹಿಡಿದು ನಿಂತಿದ್ದ. ಸ್ವಾಮಿಗಳು ಮೊಣಕಾಲೂರಲು ಬಾಗಿದವರು ಮತ್ತೆ ನೆಟ್ಟಗಾದರು. ಪಾದ ಒರೆಸಲೆಂದು ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಇನ್ನಾಸಪ್ಪನ ಹೆಗಲ ಮೇಲೆ ಹಾಕಿ, ಅವನ ಕೈಯಿಂದ ತಂಬಿಗೆ ತಾವು ತೆಗೆದುಕೊಂಡರು.

"ಇವರದನ್ನ ನೀನೇ ತೊಳಿ," ಎಂದರು.