ಕಬ್ಬಿಣ ತೊಟ್ಟ ಏಡಿ

ನಂಬದವರು ಆ ಗಾಜಿನ ತೊಟ್ಟಿಯೊಳಗೆ ಇಣುಕಿ ನೋಡಲಿ, ಉಪ್ಪುನೀರಲ್ಲಿ ಜಟ್ಟಪ್ಪನಂಥ ಏಡಿ ಇನ್ನೊಂದಿಲ್ಲ! ಅವನ ಕುಲದವರೆಲ್ಲ ಖಾಲಿ ಶಂಖಗಳಲ್ಲಿ ಮನೆ ಮಾಡಿದ್ದರೆ, ಇವನು ಮೇಲಿನಿಂದ ಬಿದ್ದ ಕಬ್ಬಿಣದ ಮುಚ್ಚಳವನ್ನೇ ತೊಟ್ಟು ಮೆರೆಯುತ್ತಿದ್ದ.

ತೊಟ್ಟಿಯ ಬಿಳಿಗಲ್ಲುಗಳ ಮೇಲೆ ತುಕ್ಕಿನ ಕಲೆ ಎದ್ದಿತು. ಬಸವನಹುಳು ಅಜ್ಜಿ ದಿನವೂ ಉಜ್ಜುವಳು; ಮರುದಿನ ಮತ್ತೆ ಕಲೆ.

“ಏನಜ್ಜೀ, ಕೈಲಾಗುವುದಿಲ್ಲವೇ? ಅತ್ತ ಸರಿ. ಒಂದೇ ಒಂದು ಕಲೆ ಉಳಿದರೂ ನೀನು ಹೇಳಿದಂತೆ ಕೇಳುತ್ತೇನೆ!” ಎಂದ ಜಟ್ಟಪ್ಪ, ಈ ತುದಿಯಿಂದ ಆ ತುದಿಯವರೆಗೆ ಉಜ್ಜಿ ತೊಡೆ ತಟ್ಟಿ ನಿಂತ.

“ಭಲೇ ಮಗನೇ. ಈಗ ಹಿಂದೆ ತಿರುಗಿ ನೋಡು.”

ಅವನು ನಡೆದ ದಾರಿಯುದ್ದಕ್ಕೂ ಹೊಸ ಕಲೆ. ತುಕ್ಕು ಉದುರುತ್ತಿದ್ದದ್ದು ಅವನ ಮುಚ್ಚಳದಿಂದಲೇ.

“ಕಳಚು,” ಎಂದಳು ಅಜ್ಜಿ.

ಕಳಚಿದರೆ ಮೆತ್ತನೆಯ ಬರಿಮೈ. ಕಚ್ಚುವ ಮೀನುಗಳು ಕಾದೇ ಇದ್ದವು. “ಕೊಟ್ಟ ಮಾತಿಗೆ ತಪ್ಪಿದರೆ ನಾನು ಜಟ್ಟಪ್ಪನೇ ಅಲ್ಲ!” ಎಂದವನೇ ಮುಚ್ಚಳ ಕಳಚಿ, ತೊಟ್ಟಿಯ ಯಜಮಾನನ ಕಣ್ಣಿಗೆ ಬೀಳುವಂತೆ ಗಾಜಿನ ಅಂಚಿಗೆ ನೂಕಿದ. ಯಜಮಾನನ ಕೈ ನೀರಿಗಿಳಿದು ಅದನ್ನು ಎತ್ತಿಕೊಂಡು ಹೋಯಿತು.

ಅಂದು ಅಜ್ಜಿ ಅವನಿಗೆ ತೀರಿಹೋದ ತನ್ನ ಗಂಡನ ಶಂಖವನ್ನು ಕೊಟ್ಟಳು.